ಮಹಿಳೆಯರ ಉರಿಮೂತ್ರ: ಹಕೀಮರ ಶೀಶೆಯಿಂದ ಪ್ರಯೋಗಾಲಯದವರೆಗೆ

ಇತಿಹಾಸವೆಂದರೆ ಕೋಟೆ-ಕೊತ್ತಲ, ಯುದ್ಧ, ಸುಲ್ತಾನರ ಪಟ್ಟ ಎಂದೇ ನಾವು ಮಕ್ಕಳಿಗೆ ಕಲಿಸುತ್ತ ಬಂದಿದ್ದೇವೆ. ಬಾದಾಮಿಯ ಗುಹೆಗಳನ್ನು ತೋರಿಸುತ್ತೇವೆ, ಗೋಳಗುಮ್ಮಟದ ಅಳತೆಯನ್ನು ಬಾಯಿಪಾಠ ಮಾಡಿಸುತ್ತೇವೆ. ಮನುಷ್ಯರ ನೋವಿಗೂ ಒಂದು ಇತಿಹಾಸವಿದೆ ಎಂಬುದು ಪಠ್ಯಪುಸ್ತಕದಲ್ಲಿ ಬರುವುದಿಲ್ಲ. ಅದರಲ್ಲೂ ಬಾಯಿಬಿಟ್ಟು ಹೇಳಲಾಗದ ನೋವಿನ ಇತಿಹಾಸ ಎಲ್ಲಿಯೂ ಬರುವುದಿಲ್ಲ. ಈ ಸಲ ಅಂಥದೊಂದನ್ನು ನಿಮ್ಮ ಮುಂದಿಡುತ್ತಿದ್ದೇನೆ. ಅದು ಹೆಣ್ಣುಮಕ್ಕಳ ಉರಿಮೂತ್ರ. ವಿಷಯ ನೋಡಿ ದಯವಿಟ್ಟು ಪುಟ ಮಗುಚಬೇಡಿ. ನಿಮ್ಮ ತಾಯಿ, ತಂಗಿ, ಮಗಳು, ಸೊಸೆ ಇವರಲ್ಲಿ ಒಬ್ಬರಾದರೂ ಇದನ್ನು ಅನುಭವಿಸಿದ್ದಾರೆ. ನಿಮಗೆ ಹೇಳಿಲ್ಲ, ಅಷ್ಟೇ.

ಮೊದಲು ಹೆಸರುಗಳನ್ನು ನೋಡೋಣ. ಬಾಗಲಕೋಟೆ, ಹುನಗುಂದದ ಕಡೆ ಹೆಂಗಸರು 'ಉಷ್ಣ ಆಗೇತಿ' ಎನ್ನುತ್ತಾರೆ. ತೀರ ಹತ್ತಿರದವರ ಮುಂದೆ ಮಾತ್ರ 'ಒಂದಕ್ಕ ಹೋದ್ರ ಉರೀತೈತಿ' ಎಂದು ಬಿಡಿಸಿ ಹೇಳುತ್ತಾರೆ. ನಮ್ಮ ದಖನಿ ಮಾತಿನ ಮನೆಗಳಲ್ಲಿ ಅದೇ 'ಗರ್ಮಿ' ಆಗುತ್ತದೆ. ಉಷ್ಣ ಎಂದರೂ ಗರ್ಮಿ ಎಂದರೂ ಒಂದೇ. ಎರಡು ಭಾಷೆಯ ಹೆಂಗಸರು ಒಂದೇ ಸೆರಗಿನ ಮರೆಯಲ್ಲಿ ಈ ಮಾತನ್ನು ಮುಚ್ಚಿಟ್ಟಿದ್ದಾರೆ. ಪಂಡಿತರ ಗ್ರಂಥಗಳಲ್ಲಿ ಮಾತ್ರ ಮುಚ್ಚುಮರೆ ಇಲ್ಲ. ಚರಕ ಸಂಹಿತೆಯಲ್ಲಿ ಇದು 'ಮೂತ್ರಕೃಚ್ಛ್ರ', ಅಂದರೆ ಕಷ್ಟದಿಂದ ಮೂತ್ರ ಹೋಗುವುದು. ಅದರಲ್ಲಿ 8 ಬಗೆ ಹೇಳಿದ್ದಾರೆ. ಯುನಾನಿ ಗ್ರಂಥಗಳಲ್ಲಿ 'ಹುರ್ಕತುಲ್ ಬೌಲ್' ಎಂದರೆ ಮೂತ್ರದ ಉರಿ, 'ಉಸ್ರುಲ್ ಬೌಲ್' ಎಂದರೆ ಮೂತ್ರ ಕಷ್ಟದಿಂದ ಬರುವುದು, 'ತಕ್ತೀರುಲ್ ಬೌಲ್' ಎಂದರೆ ಹನಿಹನಿಯಾಗಿ ತೊಟ್ಟಿಕ್ಕುವುದು. ಮೂರನ್ನೂ ಬೇರೆ ಬೇರೆ ಮಾಡಿ ಬರೆದಿದ್ದಾರೆ ಎಂಬುದನ್ನು ಗಮನಿಸಿ. ಹೀಗೆ ಬೇರೆ ಮಾಡಬೇಕಾದರೆ ಯಾರೋ ಒಬ್ಬರು ರೋಗಿಯ ಎದುರು ಕುಳಿತು, 'ಉರಿಯೋ, ತಡೆಯೋ, ಹನಿಯೋ?' ಎಂದು ಕೇಳಿರಲೇಬೇಕು.

ಹೆಂಗಸರಿಗೇ ಇದು ಹೆಚ್ಚು ಏಕೆ? ಉತ್ತರ ದೇಹರಚನೆಯಲ್ಲಿದೆ. ಗಂಡಸರ ಮೂತ್ರನಾಳ ಸುಮಾರು 20 ಸೆಂಟಿಮೀಟರ್ ಉದ್ದ, ಹೆಂಗಸರದು ಸುಮಾರು 4 ಸೆಂಟಿಮೀಟರ್. ಮಲದ್ವಾರವೂ ಹತ್ತಿರದಲ್ಲಿದೆ. ಕರುಳಿನಲ್ಲಿ ವಾಸವಾಗಿರುವ ಸೂಕ್ಷ್ಮಾಣುಗಳಿಗೆ ಮೂತ್ರಕೋಶ ತಲುಪಲು ಅಷ್ಟು ಗಿಡ್ಡ ದಾರಿ ಸಾಕು. ಮಹಿಳೆಯರಲ್ಲಿ ಸುಮಾರು ಅರ್ಧದಷ್ಟು ಮಂದಿಗೆ ಜೀವನದಲ್ಲಿ ಒಮ್ಮೆಯಾದರೂ ಈ ಸೋಂಕು ತಗಲುತ್ತದೆ. ಒಮ್ಮೆ ಬಂದವರಲ್ಲಿ ನಾಲ್ವರಲ್ಲಿ ಒಬ್ಬರಿಗೆ ಆರು ತಿಂಗಳೊಳಗೆ ಮತ್ತೆ ಬರುತ್ತದೆ. ಆದ್ದರಿಂದ ಇದರಲ್ಲಿ ಯಾರ ನಡತೆಯ ದೋಷವೂ ಇಲ್ಲ, ನಾಚಿಕೆಪಡುವಂಥದ್ದೂ ಇಲ್ಲ.

ಈಗ ಹಕೀಮರ ಕಾಲಕ್ಕೆ ಹೋಗೋಣ. ಇಬ್ನ್ ಸೀನಾ (980–1037) ಬರೆದ 'ಅಲ್-ಕಾನೂನ್' ಎಂಬ ವೈದ್ಯಗ್ರಂಥದ ಮೂರನೆಯ ಭಾಗದಲ್ಲಿ ತಲೆಯಿಂದ ಕಾಲಿನವರೆಗಿನ ಅಂಗಗಳ ರೋಗಗಳಿವೆ. ಮೂತ್ರಪಿಂಡಕ್ಕೆ ಒಂದು, ಮೂತ್ರಕೋಶಕ್ಕೆ ಒಂದು ಎಂದು ಪ್ರತ್ಯೇಕ ಅಧ್ಯಾಯಗಳೇ ಇವೆ. ಅವರಿಗಿಂತ ಮೊದಲಿನ ಅಲ್-ರಾಝಿ ಅವರು ಮೂತ್ರಪಿಂಡ ಮತ್ತು ಮೂತ್ರಕೋಶದ ಕಲ್ಲುಗಳ ಮೇಲೆಯೇ ಒಂದು ಪುಸ್ತಕ ಬರೆದಿದ್ದರು. ಈ ಪರಂಪರೆಯಲ್ಲಿ ನಾಡಿ ನೋಡುವುದರಷ್ಟೇ ಮುಖ್ಯವಾದದ್ದು 'ಕಾರೂರಾ'. ಅರಬ್ಬಿಯಲ್ಲಿ ಕಾರೂರಾ ಎಂದರೆ ಶೀಶೆ. ಉರ್ದುವಿನಲ್ಲಿ ಶೀಶೆಯೊಳಗಿನ ಮೂತ್ರಕ್ಕೇ ಆ ಹೆಸರು ಅಂಟಿಕೊಂಡಿತು. ಇಬ್ಬರ ಸ್ವಭಾವ ಚೆನ್ನಾಗಿ ಹೊಂದಿಕೊಂಡರೆ 'ಕಾರೂರಾ ಮಿಲ್ ಗಯಾ' ಎಂದು ಉರ್ದುವಿನಲ್ಲಿ ಹೇಳುವುದುಂಟು. ತರಗತಿಯಲ್ಲಿ ಈ ನುಡಿಗಟ್ಟಿನ ಅರ್ಥ ಕೇಳಿದ ಮಕ್ಕಳು ನಕ್ಕು ಸುಸ್ತಾಗುತ್ತಾರೆ.

ಶೀಶೆ ಹಿಡಿಯುವುದಕ್ಕೂ ನಿಯಮಗಳಿದ್ದವು. ಇಬ್ನ್ ಸೀನಾ ಹೇಳುವಂತೆ ಬೆಳಗಿನ ಮೊದಲ ಮೂತ್ರ ಬೇಕು, ಪಾತ್ರೆ ಸ್ವಚ್ಛವಾಗಿ ಪಾರದರ್ಶಕವಾಗಿರಬೇಕು, ಕೇಸರಿಯಂಥ ಬಣ್ಣದ ಪದಾರ್ಥ ತಿಂದಿರಬಾರದು. ಕೈಗೆ ಹಚ್ಚಿದ ಮೆಹಂದಿ ಕೂಡ ಮೂತ್ರದ ಬಣ್ಣ ಕೆಡಿಸಬಹುದು ಎಂದು ಎಚ್ಚರಿಸಿದ್ದಾರೆ. ಮೆಹಂದಿಯ ಮಾತು ಬಂದಾಗ ಆ ಸಾಲು ಬರೆಯುವವರ ಕಣ್ಣೆದುರು ಹೆಣ್ಣು ರೋಗಿಯೂ ಇದ್ದಳೆಂದು ನನಗೆ ಅನಿಸುತ್ತದೆ. ಇಂದಿನ ಲ್ಯಾಬಿನವರು 'ಮೊದಲು ಬರುವುದನ್ನು ಬಿಟ್ಟು ನಡುವಿನ ಮೂತ್ರ ಹಿಡಿಯಿರಿ, ಡಬ್ಬಿಯ ಒಳಗೆ ಬೆರಳು ತಾಕಿಸಬೇಡಿ' ಎನ್ನುವುದರ ಹಿಂದೆಯೂ ಇದೇ ಕಾಳಜಿ ಇದೆ. ಹೊರಗಿನದು ಒಳಗಿನದರಲ್ಲಿ ಬೆರೆಯಬಾರದು.

ಆದರೆ ಶೀಶೆಯಿಂದ ಒಂದು ಅನುಕೂಲದ ಜೊತೆಗೆ ಒಂದು ನಷ್ಟವೂ ಆಯಿತು. ಮನೆಯೊಳಗಿನ ಹೆಣ್ಣುಮಗಳು ಹಕೀಮರ ಎದುರು ಬರದೆಯೇ ಅವಳ ಶೀಶೆ ಹೋಗಿ ಬರಬಹುದಿತ್ತು. ಮಗನೋ ಆಳೋ ಒಯ್ದು ಕೊಟ್ಟು ಔಷಧದ ಪುಡಿ ತರಬಹುದಿತ್ತು. ಮರ್ಯಾದೆ ಉಳಿಯಿತು. ಅವಳ ಮಾತು ಮಾತ್ರ ಶೀಶೆಯ ಜೊತೆ ಹೋಗಲಿಲ್ಲ. ಉರಿ ಯಾವಾಗ ಶುರುವಾಯಿತು, ಮುಟ್ಟಿನ ಮುಂಚೆಯೋ ನಂತರವೋ, ಹೆರಿಗೆಯಾಗಿ ಎಷ್ಟು ದಿನ ಎಂಬುದನ್ನೆಲ್ಲ ಶೀಶೆ ಹೇಳುವುದಿಲ್ಲ. ಮುಂದಿನ ಒಂಬತ್ತು ನೂರು ವರ್ಷಗಳ ಕಥೆಯಲ್ಲಿ ಇದೇ ನಷ್ಟ ಬೇರೆ ಬೇರೆ ರೂಪದಲ್ಲಿ ಎದುರಾಗುತ್ತದೆ.

ನಮ್ಮ ನಾಡಿಗೆ ಬರೋಣ. ಬಹಮನಿ ಸುಲ್ತಾನ ಎರಡನೆಯ ಅಲಾವುದ್ದೀನ್ ಅಹ್ಮದ್ ಶಾಹ (ಆಳ್ವಿಕೆ 1436–1458) ಬೀದರಿನಲ್ಲಿ ಒಂದು ದಾರುಶ್ಶಿಫಾ ಕಟ್ಟಿಸಿದ. ಅದರ ಖರ್ಚಿಗೆ ಹಳ್ಳಿಗಳ ಆದಾಯ ಬಿಟ್ಟುಕೊಟ್ಟ. ರೋಗಿಗಳಿಗೆ ಔಷಧ, ಊಟ ಎರಡೂ ಅಲ್ಲಿಯೇ. ಹಿಂದೂ ವೈದ್ಯರು, ಮುಸ್ಲಿಂ ಹಕೀಮರು ಇಬ್ಬರನ್ನೂ ನೇಮಿಸಿದ್ದ. ಇದನ್ನು ಬರೆದಿಟ್ಟವರು ವಿಜಯಪುರದ ಇತಿಹಾಸಕಾರ ಮುಹಮ್ಮದ್ ಕಾಸಿಂ ಫೆರಿಷ್ತಾ. ಬಾಗಲಕೋಟೆ, ಬಾದಾಮಿ, ಹುನಗುಂದ ಸೀಮೆಗಳು ಆದಿಲ್‌ಶಾಹಿ ರಾಜ್ಯಕ್ಕೆ ಸೇರಿದ್ದ ಕಾಲದಲ್ಲಿ ಎರಡನೆಯ ಇಬ್ರಾಹಿಂ ಆದಿಲ್‌ಶಾಹನ ಆಶ್ರಯದಲ್ಲಿದ್ದವರು ಅವರು. ಅವರನ್ನು ನಾವು ಇತಿಹಾಸಕಾರರೆಂದಷ್ಟೇ ಓದುತ್ತೇವೆ. ಆದರೆ ಅವರು ವೈದ್ಯರೂ ಹೌದು. 'ದಸ್ತೂರುಲ್ ಅತಿಬ್ಬಾ' ಎಂಬ ಅವರ ಫಾರಸಿ ಗ್ರಂಥ ಇಲ್ಲಿನ ವೈದ್ಯಪದ್ಧತಿಯನ್ನೂ ಇಲ್ಲಿನ ಗಿಡಮೂಲಿಕೆಗಳನ್ನೂ ಫಾರಸಿ ಓದುಗರಿಗೆ ಪರಿಚಯಿಸುತ್ತದೆ. ಹೊರಗಿನಿಂದ ಬಂದ ವಿದ್ವಾಂಸನೊಬ್ಬ ಇಲ್ಲಿನ ವೈದ್ಯರಿಂದ ಕಲಿತು ಬರೆದದ್ದು ಇದು. ನಮ್ಮ ಮಕ್ಕಳು ಫೆರಿಷ್ತಾ ಅವರ ಹೆಸರಿನ ಮುಂದೆ ಈ ಗ್ರಂಥದ ಹೆಸರನ್ನೂ ಬರೆದುಕೊಳ್ಳಲಿ.

ಈ ಕೊಡು-ಕೊಳ್ಳುವಿಕೆಗೆ ಸಾಕ್ಷಿ ಬೇಕಿದ್ದರೆ ಹುನಗುಂದದ ಎರಿಹೊಲದ ಬದುವಿನಲ್ಲಿ ಬರಿಗಾಲಲ್ಲಿ ನಡೆದು ನೋಡಿ. ಅಂಗಾಲಿಗೆ ಚುಚ್ಚುವ ನೆಗ್ಗಿಲ ಮುಳ್ಳೇ ಸಾಕ್ಷಿ. ಆಯುರ್ವೇದದಲ್ಲಿ ಅದು ಗೋಕ್ಷುರ, ಯುನಾನಿಯಲ್ಲಿ ಖಾರ್-ಎ-ಖಸಕ್, ಗಂಧಿಗೆ ಅಂಗಡಿಯಲ್ಲಿ ಗೋಖರು. ಎಲ್ಲ ಪದ್ಧತಿಗಳೂ ಅದನ್ನು ಮೂತ್ರದ ತೊಂದರೆಗೇ ಬಳಸಿವೆ. ಯುನಾನಿಯ 'ಶರ್ಬತ್-ಎ-ಬುಜೂರಿ' ಎಂಬುದು ಸೌತೆ, ಖರಬೂಜದಂಥ ಬೀಜಗಳಿಂದ ಮಾಡುವ ಪಾನಕ. ಬುಜೂರ್ ಎಂದರೇ ಬೀಜಗಳು. ಮನೆಗಳಲ್ಲಿ ಕೊತ್ತಂಬರಿ ಕಾಳಿನ ನೀರು, ಜೀರಿಗೆ ನೀರು, ಬಾರ್ಲಿ ಗಂಜಿ, ನೆನೆಸಿದ ಸಬ್ಜಾ ಬೀಜ ಇವೆಲ್ಲ ಇಂದಿಗೂ ಇವೆ. ಇವುಗಳನ್ನು ಮೂಢನಂಬಿಕೆ ಎಂದು ಹೀಗಳೆಯುವವರಿದ್ದಾರೆ, ಇವಿಷ್ಟೇ ಸಾಕೆಂದು ಸಾಧಿಸುವವರೂ ಇದ್ದಾರೆ. ನನಗೆ ತಿಳಿದ ಮಟ್ಟಿಗೆ ಈ ಎಲ್ಲ ಪಾನಕಗಳಲ್ಲಿ ಖಂಡಿತ ಕೆಲಸ ಮಾಡುವ ಪದಾರ್ಥ ಒಂದಿದೆ, ಅದು ನೀರು. ನೀರಿನ ಮಾತಿಗೆ ಮುಂದೆ ಬರುತ್ತೇನೆ.

ಬ್ರಿಟಿಷರ ಕಾಲದಲ್ಲಿ ನಮ್ಮ ಸೀಮೆ ಮುಂಬಯಿ ಪ್ರಾಂತ್ಯದಲ್ಲಿತ್ತು. ಕಲಾದಗಿ ಆಗ ಜಿಲ್ಲಾ ಕೇಂದ್ರ. 1885ರಲ್ಲಿ ಅದು ವಿಜಯಪುರಕ್ಕೆ ಹೋಯಿತು. ಅದೇ ವರ್ಷ ದೇಶದಲ್ಲಿ ಮತ್ತೊಂದು ಸಂಗತಿ ನಡೆಯಿತು. ಅದಕ್ಕೆ ಕೆಲವು ವರ್ಷ ಮೊದಲು ಮಧ್ಯಭಾರತದ ಪನ್ನಾ ಸಂಸ್ಥಾನದ ಮಹಾರಾಣಿಗೆ ಎಲಿಜಬೆತ್ ಬೀಲ್ಬಿ ಎಂಬ ಮಹಿಳೆ ಚಿಕಿತ್ಸೆ ಮಾಡಿದ್ದರು. 1881ರಲ್ಲಿ ಬೀಲ್ಬಿ ಇಂಗ್ಲೆಂಡಿಗೆ ಹೊರಟಾಗ, ಭಾರತದ ಹೆಂಗಸರು ಕಾಯಿಲೆಯಲ್ಲಿ ಪಡುವ ಪಾಡನ್ನು ವಿಕ್ಟೋರಿಯಾ ರಾಣಿಗೆ ತಿಳಿಸಬೇಕೆಂದು ಮಹಾರಾಣಿ ಒಂದು ಸಂದೇಶ ಬರೆಸಿ, ಅದನ್ನು ಪುಟ್ಟ ಲಾಕೆಟ್ಟಿನೊಳಗಿಟ್ಟು ಕಳಿಸಿದರು. ಶೀಶೆಯಲ್ಲಿ ಹೋಗದಿದ್ದ ಮಾತು ಲಾಕೆಟ್ಟಿನಲ್ಲಿ ಹೋಯಿತು. 1885ರಲ್ಲಿ ವೈಸರಾಯರ ಪತ್ನಿ ಲೇಡಿ ಡಫರಿನ್ ಭಾರತದ ಮಹಿಳೆಯರಿಗೆ ಮಹಿಳಾ ವೈದ್ಯರನ್ನು ಒದಗಿಸುವ ನಿಧಿಯನ್ನು ಸ್ಥಾಪಿಸಿದರು. 1886ರಲ್ಲಿ ಮುಂಬಯಿಯಲ್ಲಿ ಮಹಿಳೆಯರಿಗಾಗಿಯೇ ಕಾಮಾ ಆಸ್ಪತ್ರೆ ತೆರೆಯಿತು. ಮುಂಬಯಿಯ ರಖಮಾಬಾಯಿ 1894ರಲ್ಲಿ ಲಂಡನ್ನಿನಲ್ಲಿ ವೈದ್ಯರಾಗಿ ಮರಳಿ ಸೂರತ್, ರಾಜಕೋಟೆಗಳಲ್ಲಿ ಸೇವೆ ಮಾಡಿದರು. ಇವೆಲ್ಲ ದೂರದ ಪಟ್ಟಣಗಳ ಮಾತು. ಬಾದಾಮಿಯ ಹಳ್ಳಿಯೊಂದರ ಹೆಣ್ಣುಮಗಳಿಗೆ ಮುಂಬಯಿ ಎಂದರೆ ಆಗ ಆಕಾಶದಷ್ಟು ದೂರ. ಬಾಗಲಕೋಟೆ ಜಿಲ್ಲೆಯಾದದ್ದು 1997ರಲ್ಲಿ, ಇಲ್ಲಿ ಎಸ್. ನಿಜಲಿಂಗಪ್ಪ ವೈದ್ಯಕೀಯ ಕಾಲೇಜು ಶುರುವಾದದ್ದು 2002ರಲ್ಲಿ.

1885ರಲ್ಲಿಯೇ ಜರ್ಮನಿಯಲ್ಲಿ ಥಿಯೋಡೋರ್ ಎಷೆರಿಚ್ ಎಂಬ ಮಕ್ಕಳ ವೈದ್ಯರು ಹಸುಗೂಸುಗಳ ಮಲದಲ್ಲಿ ಒಂದು ಸೂಕ್ಷ್ಮಾಣುವನ್ನು ಗುರುತಿಸಿದರು. ಇಂದು ಅದಕ್ಕೆ ಅವರ ಹೆಸರೇ ಇದೆ, ಎಷೆರಿಚಿಯಾ ಕೋಲೈ, ಅಂದರೆ ಇ-ಕೋಲೈ. 1894ರಲ್ಲಿ ಪುಟ್ಟ ಹುಡುಗಿಯರ ಮೂತ್ರಕೋಶದ ಬಾವಿನಲ್ಲಿಯೂ ಅದೇ ಸೂಕ್ಷ್ಮಾಣು ಇರುವುದನ್ನು ಅವರೇ ತೋರಿಸಿದರು. ಉಷ್ಣ, ಗರ್ಮಿ ಎಂದು ಕರೆದುಕೊಂಡು ಬಂದದ್ದಕ್ಕೆ ಮೊದಲ ಸಲ ಒಂದು ಆಕಾರ ಸಿಕ್ಕಿತು. 1935ರಲ್ಲಿ ಗೆರ್‌ಹಾರ್ಡ್ ಡೋಮಾಕ್ ಅವರ ಸಲ್ಫಾ ಔಷಧ ಬಂತು, 1950ರ ದಶಕದಲ್ಲಿ ಮೂತ್ರದ ಸೋಂಕಿಗೆಂದೇ ನೈಟ್ರೋಫ್ಯೂರಾಂಟಾಯಿನ್ ಬಂತು. ಅದು ಇಂದಿಗೂ ಉಪಯೋಗದಲ್ಲಿದೆ.

ಇಲ್ಲಿಂದ ಮುಂದಿನ ಘಟ್ಟವನ್ನು ನೀವು ಸ್ವಲ್ಪ ನಿಧಾನವಾಗಿ ಓದಬೇಕು. 1956ರಲ್ಲಿ ಅಮೆರಿಕದ ಬಾಸ್ಟನ್ನಿನ ಎಡ್ವರ್ಡ್ ಕಾಸ್ ಎಂಬ ವೈದ್ಯರು ಒಂದು ಪ್ರಶ್ನೆಗೆ ಉತ್ತರ ಹುಡುಕಿದರು. ಮೂತ್ರ ಹೊರಬರುವಾಗ ಚರ್ಮದ ಮೇಲಿನ ಸೂಕ್ಷ್ಮಾಣುಗಳೂ ಬೆರೆಯುತ್ತವೆ. ಹಾಗಾದರೆ ನಿಜವಾದ ಸೋಂಕು ಯಾವುದು, ಬೆರಕೆ ಯಾವುದು? ಒಂದು ಮಿಲಿಲೀಟರಿನಲ್ಲಿ 1,00,000ಕ್ಕಿಂತ ಹೆಚ್ಚು ಸೂಕ್ಷ್ಮಾಣುಗಳಿದ್ದರೆ ಅದು ಸೋಂಕು ಎಂದು ಅವರು ಲೆಕ್ಕ ಹಾಕಿದರು. ಒಳ್ಳೆಯ ಕೆಲಸವೇ. ಬಸುರಿಯರಲ್ಲಿ ಯಾವ ತೊಂದರೆ ಕಾಣಿಸದಿದ್ದರೂ ಮೂತ್ರದಲ್ಲಿ ಸೂಕ್ಷ್ಮಾಣು ಇದ್ದರೆ ಅದು ಮೂತ್ರಪಿಂಡಕ್ಕೆ ಏರಬಹುದು, ಮೊದಲೇ ಕಂಡುಹಿಡಿದು ಔಷಧ ಕೊಟ್ಟರೆ ತಡೆಯಬಹುದು ಎಂದು ತೋರಿಸಿದವರೂ ಅವರೇ. ಇಂದು ಬಸುರಿಯರಿಗೆ ಮೂತ್ರಪರೀಕ್ಷೆ ಮಾಡಿಸುವುದರ ಹಿಂದೆ ಅವರ ದುಡಿಮೆ ಇದೆ.

ಆದರೆ ಒಂದು ಲಕ್ಷ ಎಂಬ ಆ ಅಂಕಿ ಜಗತ್ತಿನ ಎಲ್ಲ ಲ್ಯಾಬುಗಳ ಗೋಡೆಯ ಮೇಲೆ ಕುಳಿತುಬಿಟ್ಟಿತು. ಉರಿ ಎಂದು ಅಳುತ್ತ ಬಂದ ಹೆಂಗಸಿನ ಮೂತ್ರದಲ್ಲಿ ಹತ್ತು ಸಾವಿರ ಬಂದರೆ 'ನಿಮಗೆ ಏನೂ ಇಲ್ಲ' ಎಂದು ಕಳಿಸತೊಡಗಿದರು. ಹಳೆಯ ಶೀಶೆಯ ಜಾಗದಲ್ಲಿ ಹೊಸ ಕಾಗದ ಬಂತು. ಮಾತು ಮತ್ತೆ ಹೊರಗೇ ಉಳಿಯಿತು. ಹೀಗೆ ಇಪ್ಪತ್ತೈದು ವರ್ಷ ನಡೆಯಿತು. 1982ರಲ್ಲಿ ಸಿಯಾಟಲ್ ನಗರದ ವಾಲ್ಟರ್ ಸ್ಟ್ಯಾಮ್ ಮತ್ತು ಅವರ ಸಂಗಡಿಗರು ಉರಿಯೆಂದು ಬಂದ ಹೆಂಗಸರ ಮೂತ್ರಕೋಶದೊಳಗಿನಿಂದ ನೇರವಾಗಿ ಮೂತ್ರ ತೆಗೆದು ನೋಡಿದರು. ಒಳಗೆ ನಿಜವಾಗಿ ಇ-ಕೋಲೈ ಜಾತಿಯ ಸೂಕ್ಷ್ಮಾಣುಗಳಿದ್ದ ಹೆಂಗಸರಲ್ಲಿ ಒಂದು ಲಕ್ಷದ ಅಳತೆಗೆ ಸಿಕ್ಕವರು ನೂರಕ್ಕೆ 51 ಮಂದಿ ಮಾತ್ರ! ಉಳಿದವರಿಗೂ ಸೋಂಕು ಇತ್ತು. ಉರಿ ಇರುವ ಹೆಂಗಸಿನಲ್ಲಿ ಬರೀ 100 ಇದ್ದರೂ ಅದನ್ನು ಲೆಕ್ಕಕ್ಕೆ ಹಿಡಿಯಬೇಕು ಎಂದು ಅವರು ಬರೆದರು. ಅದಕ್ಕೂ ಎರಡು ವರ್ಷ ಮೊದಲು, 1980ರಲ್ಲಿ, ಅದೇ ತಂಡ ಮತ್ತೊಂದನ್ನು ತೋರಿಸಿತ್ತು: ಸಾಮಾನ್ಯ ಕಲ್ಚರಿನಲ್ಲಿ ಏನೂ ಬೆಳೆಯದ ಕೆಲವರಲ್ಲಿ ಕ್ಲಮೈಡಿಯಾ ಎಂಬ ಬೇರೆಯೇ ಸೂಕ್ಷ್ಮಾಣು ಇರುತ್ತದೆ. ಅದು ದಾಂಪತ್ಯದ ಸಂಪರ್ಕದಿಂದ ದಾಟುವಂಥದು. ಹಾಗಾದಾಗ ಹೆಂಡತಿಗೊಬ್ಬಳಿಗೇ ಮಾತ್ರೆ ಕೊಟ್ಟು ಪ್ರಯೋಜನವಿಲ್ಲ, ಗಂಡನಿಗೂ ಚಿಕಿತ್ಸೆ ಬೇಕು.

ಆರೋಗ್ಯವಂತರ ಮೂತ್ರಕೋಶದಲ್ಲಿ ಸೂಕ್ಷ್ಮಾಣುಗಳೇ ಇರುವುದಿಲ್ಲ ಎಂಬ ನಂಬಿಕೆಯೂ 2012ರ ನಂತರ ಬಿದ್ದುಹೋಯಿತು. ಅಲ್ಲಿಯೂ ಅವುಗಳ ಒಂದು ಸಣ್ಣ ಸಂಸಾರ ಇದೆ ಎಂದು ಹೊಸ ವಿಧಾನಗಳು ತೋರಿಸಿವೆ. ಆದ್ದರಿಂದ ತದ್ವಿರುದ್ಧ ತಪ್ಪನ್ನೂ ಮಾಡಬಾರದು. ಬಸುರಿಯಲ್ಲದ, ಯಾವ ತೊಂದರೆಯೂ ಇಲ್ಲದ ಹೆಂಗಸಿಗೆ ರಿಪೋರ್ಟಿನಲ್ಲಿ ಸೂಕ್ಷ್ಮಾಣು ಕಂಡಿತೆಂದು ಸುಮ್ಮನೆ ಆಂಟಿಬಯೋಟಿಕ್ ನುಂಗಿಸುವ ಅಗತ್ಯ ಸಾಮಾನ್ಯವಾಗಿ ಇರುವುದಿಲ್ಲ.

ಇನ್ನೊಂದು ವರ್ಗದ ಹೆಂಗಸರಿದ್ದಾರೆ. ಎಲ್ಲ ಪರೀಕ್ಷೆಯೂ ಸರಿ, ಆದರೆ ಮೂತ್ರಕೋಶ ತುಂಬುತ್ತಿದ್ದಂತೆ ಕಿಬ್ಬೊಟ್ಟೆಯಲ್ಲಿ ನೋವು, ಖಾಲಿಯಾದರೆ ತುಸು ಸಮಾಧಾನ, ಮತ್ತೆ ಅವಸರ. ವಾರಗಟ್ಟಲೆ, ವರ್ಷಗಟ್ಟಲೆ ಹೀಗೇ. ಇದಕ್ಕೂ ಹೆಸರಿದೆ. 1887ರಲ್ಲಿ ನ್ಯೂಯಾರ್ಕಿನ ಅಲೆಕ್ಸಾಂಡರ್ ಸ್ಕೀನ್ 'ಇಂಟರ್‌ಸ್ಟಿಶಿಯಲ್ ಸಿಸ್ಟೈಟಿಸ್' ಎಂದು ಕರೆದರು. ನಂತರ ಬಾಲ್ಟಿಮೋರಿನ ಗಾಯ್ ಹನ್ನರ್ ಮೂತ್ರಕೋಶದ ಒಳಗೋಡೆಯ ಹುಣ್ಣನ್ನು ವರ್ಣಿಸಿದರು. ಹುಣ್ಣು ಕಾಣದ ಹೆಂಗಸರನ್ನು ಮನಸ್ಸಿನ ಕಾಯಿಲೆಯವರೆಂದು ಬಹುಕಾಲ ದೂರವಿಟ್ಟವರೂ ಇದ್ದರು. ಈಗ ಇದನ್ನು 'ಮೂತ್ರಕೋಶ ನೋವಿನ ಸಿಂಡ್ರೋಮ್' ಎಂದೂ ಕರೆಯುತ್ತಾರೆ. ಆಂಟಿಬಯೋಟಿಕ್ ಇದಕ್ಕೆ ಮದ್ದಲ್ಲ. ಏನು ತಿಂದಾಗ ಕುಡಿದಾಗ ನೋವು ಹೆಚ್ಚುತ್ತದೆ ಎಂದು ಗಮನಿಸಿ ಬಿಡುವುದು, ಮೂತ್ರದ ಅಂತರವನ್ನು ಸ್ವಲ್ಪ ಸ್ವಲ್ಪವಾಗಿ ಹೆಚ್ಚಿಸುವ ಅಭ್ಯಾಸ, ಕಿಬ್ಬೊಟ್ಟೆಯ ಕೆಳಗಿನ ಬಿಗಿದ ಸ್ನಾಯುಗಳನ್ನು ಸಡಿಲಿಸುವ ಫಿಜಿಯೋಥೆರಪಿ, ಬೇಕಿದ್ದರೆ ಬೇರೆ ಔಷಧಗಳು. ಕೆಲವರಿಗೆ ಚಹಾ-ಕಾಫಿ ಆಗುವುದಿಲ್ಲ, ಕೆಲವರಿಗೆ ಹುಳಿ, ಖಾರ ಆಗುವುದಿಲ್ಲ. ಜೋಳದ ರೊಟ್ಟಿಯ ಜೊತೆ ರಂಜಕ ಬಿಡುವುದೆಂದರೆ ನಮ್ಮ ಕಡೆಯವರಿಗೆ ಎಂಥ ಶಿಕ್ಷೆ ಎಂದು ಬಲ್ಲೆ. ಎರಡು ವಾರ ಬಿಟ್ಟು ನೋಡಿ. ವ್ಯತ್ಯಾಸ ಕಾಣದಿದ್ದರೆ ಮತ್ತೆ ಹಚ್ಚಿಕೊಳ್ಳಿ.

ಹಾಗಾದರೆ ಔಷಧ ಮುಗಿದರೂ ಉರಿ ಹೋಗದ ಸಹೋದರಿ ಏನು ಮಾಡಬೇಕು? ಸೋಂಕು ಗುಣವಾದ ಮೇಲೂ ಕೆಲವು ದಿನ ಸಣ್ಣಗೆ ಕಿರಿಕಿರಿ ಉಳಿಯಬಹುದು. ಆದರೆ ಮಾತ್ರೆ ಶುರುಮಾಡಿ ಎರಡು-ಮೂರು ದಿನವಾದರೂ ಸ್ವಲ್ಪವೂ ಕಡಿಮೆಯಾಗದಿದ್ದರೆ, ಅಥವಾ ಕಡಿಮೆಯಾಗಿ ಮತ್ತೆ ಬಂದರೆ, ಅದೇ ಮಾತ್ರೆಯನ್ನು ಮತ್ತೆ ಕೊಳ್ಳಬೇಡಿ. ಕಲ್ಚರ್ ಪರೀಕ್ಷೆ ಮಾಡಿಸಿ. ಯಾವ ಸೂಕ್ಷ್ಮಾಣು, ಯಾವ ಔಷಧಕ್ಕೆ ಅದು ಬಗ್ಗುತ್ತದೆ ಎಂಬುದು ಅದರಲ್ಲಿ ತಿಳಿಯುತ್ತದೆ. ಒಂದು ಕಾಲದಲ್ಲಿ ನಾರ್‌ಫ್ಲಾಕ್ಸಾಸಿನ್, ಸಿಪ್ರೋಫ್ಲಾಕ್ಸಾಸಿನ್ ಮಾತ್ರೆಗಳು ಎಲ್ಲರ ಬಾಯಲ್ಲಿದ್ದವು. ಇಂದು ನಮ್ಮ ದೇಶದಲ್ಲಿ ಅವಕ್ಕೆ ಜಗ್ಗದ ಇ-ಕೋಲೈ ಬಹಳ. ಮೆಡಿಕಲ್ ಅಂಗಡಿಯ ಹುಡುಗನಿಗೆ 'ಆವತ್ತು ಕೊಟ್ಟಿದ್ದು ಎರಡು ಗುಳಿಗಿ ಕೊಡು' ಎಂದು ಕೇಳಿ ಎರಡೇ ನುಂಗಿದ್ದರ ಫಲವೂ ಅದರಲ್ಲಿದೆ. ಉರಿ ಶಮನಕ್ಕೆ ಕೊಡುವ ಸಿಹಿ ಸಿರಪ್ ಮೂತ್ರದ ಹುಳಿ ತಗ್ಗಿಸುತ್ತದೆಯೇ ಹೊರತು ಸೂಕ್ಷ್ಮಾಣುವನ್ನು ಕೊಲ್ಲುವುದಿಲ್ಲ. ನೈಟ್ರೋಫ್ಯೂರಾಂಟಾಯಿನ್ ಹುಳಿ ಇರುವ ಮೂತ್ರದಲ್ಲಿ ಚೆನ್ನಾಗಿ ಕೆಲಸ ಮಾಡುತ್ತದೆ. ಆದ್ದರಿಂದ ಎರಡನ್ನೂ ಒಟ್ಟಿಗೆ ತೆಗೆದುಕೊಳ್ಳುವ ಮುನ್ನ ವೈದ್ಯರನ್ನು ಕೇಳಿ.

ಕಲ್ಚರಿನಲ್ಲಿ ಏನೂ ಇಲ್ಲ, ಆದರೆ ಮೂತ್ರದಲ್ಲಿ ಕೀವುಕಣ ಇದೆ ಎಂದು ಮತ್ತೆ ಮತ್ತೆ ಬಂದರೆ ಮೂತ್ರಾಂಗಗಳ ಕ್ಷಯರೋಗವನ್ನೂ ನಮ್ಮ ದೇಶದಲ್ಲಿ ಮರೆಯಬಾರದು. ಸಕ್ಕರೆ ಕಾಯಿಲೆ ಇದೆಯೇ ಎಂದು ನೋಡಿಸಬೇಕು. ಸಕ್ಕರೆಯನ್ನು ಮೂತ್ರದ ಮೂಲಕ ಹೊರಹಾಕುವ ಹೊಸ ಬಗೆಯ ಮಾತ್ರೆ ನುಂಗುವವರಿಗೆ ಆ ಜಾಗದಲ್ಲಿ ಬೂಷ್ಟಿನ ಸೋಂಕಾಗಿ ತುರಿಕೆ-ಉರಿ ಬರಬಹುದು. ಅದು ಮೂತ್ರಕೋಶದ ಕಾಯಿಲೆಯೇ ಅಲ್ಲ. ಮುಟ್ಟು ನಿಂತ ತಾಯಂದಿರಿಗೆ ಆ ಭಾಗ ಒಣಗಿ ತೆಳುವಾಗುವುದರಿಂದ ಸೋಂಕು ಮರುಕಳಿಸುತ್ತದೆ. ಅವರಿಗೆ ಒಳಗೆ ಹಚ್ಚುವ ಈಸ್ಟ್ರೋಜನ್ ಕ್ರೀಮು ಸೋಂಕನ್ನು ಬಹಳ ಕಡಿಮೆ ಮಾಡುತ್ತದೆ ಎಂದು 1993ರಲ್ಲಿ ರಾಝ್ ಮತ್ತು ಸ್ಟ್ಯಾಮ್ ತೋರಿಸಿದರು. ಅರವತ್ತು ದಾಟಿದ ಅಮ್ಮಿ, ಅವ್ವಂದಿರು 'ಈ ವಯಸ್ಸಿನ್ಯಾಗ ಇದನ್ನೆಲ್ಲ ಹೆಂಗ ಹೇಳೂದು' ಎಂದು ಸುಮ್ಮನಿರುತ್ತಾರೆ. ಅವರ ಪರವಾಗಿ ಮಗಳೋ ಸೊಸೆಯೋ ಬಾಯಿಬಿಡಬೇಕು. ಚಳಿಜ್ವರ, ಪಕ್ಕೆ ಅಥವಾ ಬೆನ್ನಿನ ನೋವು, ವಾಂತಿ, ಮೂತ್ರದಲ್ಲಿ ರಕ್ತ ಇವುಗಳಲ್ಲಿ ಯಾವುದಿದ್ದರೂ, ಅಥವಾ ಬಸುರಿಯಾಗಿದ್ದರೆ, ಮನೆಮದ್ದಿಗೆ ಕಾಯದೆ ಅಂದೇ ಆಸ್ಪತ್ರೆಗೆ ಹೋಗಬೇಕು.

ವೈದ್ಯರ ಎದುರು ನಾಚಿಕೆಯಲ್ಲಿ ಮಾತು ಮರೆತುಹೋಗುವುದು ಸಹಜ. ಅದಕ್ಕೆ ಒಂದು ಉಪಾಯವಿದೆ. ಮೂರು ದಿನ ಒಂದು ಹಾಳೆಯಲ್ಲಿ ಎಷ್ಟು ಹೊತ್ತಿಗೆ ನೀರು ಕುಡಿದಿರಿ, ಎಷ್ಟು ಹೊತ್ತಿಗೆ ಒಂದಕ್ಕೆ ಹೋದಿರಿ, ಉರಿ ಮೊದಲಿಗೋ ಕೊನೆಗೋ ಎಂದು ಕನ್ನಡದಲ್ಲೋ ಉರ್ದುವಿನಲ್ಲೋ ಬರೆದು ಒಯ್ಯಿರಿ. ಹಳೆಯ ರಿಪೋರ್ಟು, ನುಂಗಿದ ಮಾತ್ರೆಯ ಖಾಲಿ ಪಟ್ಟಿಗಳೂ ಜೊತೆಗಿರಲಿ. ಓದುಬರಹ ಬಾರದವರಿಗೆ ಶಾಲೆಗೆ ಹೋಗುವ ಮಗಳು ಬರೆದುಕೊಡಲಿ.

ಈಗ ನೀರಿನ ಮಾತು. 2018ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ ಥಾಮಸ್ ಹೂಟನ್ ಮತ್ತಿತರರು ದಿನಕ್ಕೆ ಒಂದೂವರೆ ಲೀಟರಿಗಿಂತ ಕಡಿಮೆ ಕುಡಿಯುವ, ಪದೇಪದೇ ಸೋಂಕಾಗುವ 140 ಹೆಂಗಸರನ್ನು ತೆಗೆದುಕೊಂಡರು. ಅರ್ಧ ಮಂದಿಗೆ ದಿನವೂ ಒಂದೂವರೆ ಲೀಟರ್ ನೀರು ಹೆಚ್ಚಿಗೆ ಕುಡಿಯಲು ಹೇಳಿದರು. ವರ್ಷದ ಕೊನೆಗೆ ಕುಡಿದವರಲ್ಲಿ ಸರಾಸರಿ 1.7 ಸಲ ಸೋಂಕು ಬಂದಿದ್ದರೆ ಉಳಿದವರಲ್ಲಿ 3.2 ಸಲ ಬಂದಿತ್ತು. ನಮ್ಮ ಅಜ್ಜಿಯರ ಕೊತ್ತಂಬರಿ ನೀರಿಗೆ, ಹಕೀಮರ ಬುಜೂರಿ ಶರಬತ್ತಿಗೆ ಇದಕ್ಕಿಂತ ದೊಡ್ಡ ಪ್ರಮಾಣಪತ್ರ ಬೇಕೇ? ಮೂತ್ರಪಿಂಡ ಅಥವಾ ಹೃದಯದ ಕಾಯಿಲೆಗೆ ನೀರು ಕಡಿಮೆ ಕುಡಿಯಲು ವೈದ್ಯರು ಹೇಳಿರುವವರು ಮಾತ್ರ ಕೇಳಿಯೇ ಕುಡಿಯಬೇಕು. ರಮಜಾನಿನಲ್ಲಿ ಇಫ್ತಾರಿನಿಂದ ಸಹರಿಯವರೆಗೆ ಒಂದೇ ಸಲ ಹೊಟ್ಟೆ ತುಂಬಿಸಿಕೊಳ್ಳುವ ಬದಲು ತಾಸಿಗೊಂದು ಲೋಟ ಕುಡಿಯುವುದು ಮೇಲು.

ಆದರೆ ನಮ್ಮ ಹೆಂಗಸರು ನೀರು ಕುಡಿಯದಿರುವುದು ನೀರಿನ ಮಹತ್ವ ತಿಳಿಯದೆ ಅಲ್ಲ. ಕುಡಿದರೆ ಹೋಗಬೇಕಲ್ಲ, ಎಲ್ಲಿಗೆ ಹೋಗುವುದು? 2011ರ ಜನಗಣತಿಯಲ್ಲಿ ಕರ್ನಾಟಕದ ಮನೆಗಳಲ್ಲಿ ಶೌಚಾಲಯ ಇದ್ದದ್ದು ಅರ್ಧಕ್ಕೆ ಮಾತ್ರ, ಹಳ್ಳಿಗಳಲ್ಲಂತೂ ಮೂರನೆಯ ಒಂದು ಪಾಲಿಗೂ ಕಡಿಮೆ. ನಸುಕಿಗೊಮ್ಮೆ, ಕತ್ತಲಾದ ಮೇಲೊಮ್ಮೆ ಬಯಲಿಗೆ ಹೋಗುವವಳು ನಡುವೆ ನೀರು ಕುಡಿಯದಿರುವುದನ್ನು ಅಭ್ಯಾಸ ಮಾಡಿಕೊಂಡಿದ್ದಾಳೆ. ಈಗ ಮನೆಗಳಲ್ಲಿ ಶೌಚಾಲಯ ಹೆಚ್ಚಿವೆ, ಅಭ್ಯಾಸ ಮಾತ್ರ ಹಾಗೆಯೇ ಉಳಿದಿದೆ. ಇಳಕಲ್ಲಿನಲ್ಲಿ ರಾಟಿಯ ಮುಂದೆ ಕುಳಿತು ಕಂಡಿಕಿ ಸುತ್ತುವ ಹೆಂಗಸರನ್ನು ನೋಡಿ. ಕುಣಿಮಗ್ಗದ ಸಪ್ಪಳ ನಿಲ್ಲಬಾರದೆಂದರೆ ಕಂಡಿಕಿ ತಪ್ಪಬಾರದು. 'ಇದೊಂದು ಮುಗೀಲಿ' ಎಂದು ತಡೆದುಕೊಳ್ಳುತ್ತ ಮೂರು ತಾಸು ಕಳೆಯುತ್ತದೆ. ಇಳಕಲ್ ಸೀರೆಯ ಟೋಪು-ತೆನಿ ಕೂಡಿಸುವ ಕೌಶಲವನ್ನು ಹೊಗಳಿ ಬರೆದ ಲೇಖನಗಳು ಬೇಕಾದಷ್ಟಿವೆ. ಆ ಮನೆಯ ಹೆಂಗಸರು ಎಷ್ಟು ಹೊತ್ತು ತಡೆದುಕೊಂಡು ಕೂತಿರುತ್ತಾರೆಂದು ಯಾರೂ ಬರೆದದ್ದನ್ನು ನಾನು ಓದಿಲ್ಲ.

ಶಾಲೆಯ ಹುಡುಗಿಯರದೂ ಅದೇ ಕಥೆ. ಬಾದಾಮಿ, ಐಹೊಳೆ, ಪಟ್ಟದಕಲ್ಲಿಗೆ ಒಂದು ದಿನದ ಪ್ರವಾಸ ಹೊರಟರೆ ಬಹಳಷ್ಟು ಹುಡುಗಿಯರು ಬೆಳಿಗ್ಗೆಯಿಂದಲೇ ನೀರಿನ ಬಾಟಲಿ ತೆರೆಯುವುದಿಲ್ಲ. ನಲವತ್ತು ಡಿಗ್ರಿಯ ಬಿಸಿಲಿನಲ್ಲಿ ಗುಹೆಯ ಮೆಟ್ಟಿಲು ಹತ್ತಿ ಇಳಿದು, ತುಟಿ ಒಣಗಿದರೂ 'ಬೇಡ ಟೀಚರ್' ಎನ್ನುತ್ತಾರೆ. ಕಾರಣ ಕೇಳಿದರೆ ತಲೆ ತಗ್ಗಿಸುತ್ತಾರೆ. ಪ್ರವಾಸದ ಯೋಜನೆ ಹಾಕುವಾಗ ಊಟದ ಜಾಗದ ಜೊತೆ ಶೌಚಾಲಯ ಇರುವ ಜಾಗವನ್ನೂ ಬರೆದುಕೊಳ್ಳುವುದು ಶಿಕ್ಷಕರ ಕೆಲಸ.

2009ರ ಶಿಕ್ಷಣ ಹಕ್ಕು ಕಾಯ್ದೆ ಹುಡುಗಿಯರಿಗೆ ಪ್ರತ್ಯೇಕ ಶೌಚಾಲಯ ಇರಲೇಬೇಕೆಂದು ಹೇಳಿದೆ. 2012ರ ಅಕ್ಟೋಬರಿನಲ್ಲಿ ಸುಪ್ರೀಂ ಕೋರ್ಟು ಆರು ತಿಂಗಳೊಳಗೆ ಎಲ್ಲ ಶಾಲೆಗಳಲ್ಲಿ ಕಟ್ಟಿಸಿ ಎಂದು ರಾಜ್ಯಗಳಿಗೆ ಆದೇಶಿಸಿತು. 2019ರಲ್ಲಿ ಕೇರಳದ ಶಾಲೆಗಳಲ್ಲಿ ನೀರು ಕುಡಿಯಲೆಂದೇ ಗಂಟೆ ಬಾರಿಸುವ ಪದ್ಧತಿ ಬಂದಾಗ ಅದೇ ವರ್ಷ ನಮ್ಮ ರಾಜ್ಯದಲ್ಲಿಯೂ ಅದರ ಮಾತು ಬಂತು. ಗಂಟೆ ಬಾರಿಸುವುದು ಸುಲಭ. ಆದರೆ ಎಷ್ಟೋ ಶಾಲೆಗಳಲ್ಲಿ ಹುಡುಗಿಯರ ಶೌಚಾಲಯಕ್ಕೆ ಬೀಗವಿರುತ್ತದೆ, ಬೀಗದ ಕೈ ಹೆಡ್‌ಮಾಸ್ತರರ ಮೇಜಿನ ಡ್ರಾದಲ್ಲಿರುತ್ತದೆ. ಆರನೆಯ ತರಗತಿಯ ಹುಡುಗಿ ಅಷ್ಟು ದೂರ ನಡೆದು, ಗಂಡಸರ ಮುಂದೆ ನಿಂತು ಅದನ್ನು ಕೇಳುವುದಿಲ್ಲ. ಈ ಪತ್ರಿಕೆ ಓದುವ ಶಿಕ್ಷಕ ಬಂಧುಗಳು, ಶಾಲಾ ಸಮಿತಿಯ ಸದಸ್ಯರು ನಾಳೆ ಶಾಲೆಗೆ ಹೋದಾಗ ಆ ಕೈ ಎಲ್ಲಿದೆ ಎಂದು ವಿಚಾರಿಸಿ, ಅದನ್ನು ಹುಡುಗಿಯರ ತರಗತಿಯ ಗೋಡೆಯ ಮೊಳೆಗೆ ತೂಗುಹಾಕಿಸಿ.